ಪೈಪು ಬಡಿದಾಗಿನ ಲೆಕ್ಕ

ಕಾಮರ್ಸ್ ಓದುವ ಹುಡುಗನಿಗೆ ಪೈಪಿನ ಉಸಾಬರಿ ಏಕೆಂದು ವಾಚಕ ಮಿತ್ರರು ಕೇಳಬಹುದು. ಕಾರಣ ಇಷ್ಟೆ. ನನ್ನ ಸೋದರಮಾವ ಚೆಂಬೂರಿನ ಒಂದು ಡಿಸೈನ್ ಆಫೀಸಿನಲ್ಲಿ ಪೈಪುಗಳ ಸ್ಟ್ರೆಸ್ ಲೆಕ್ಕ ಮಾಡುವವರು. ಈ ರಜೆಯಲ್ಲಿ "ಮನೆಯಲ್ಲಿ ಖಾಲಿ ಕೂತು ಎಂತ ಮಾಡ್ತೆ, ಬಾ" ಎಂದು ಕರೆದು ತಖ್ತೆ ಟೈಪು ಮಾಡುವ ಕೆಲಸ ಕೊಡಿಸಿದರು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ಅಲ್ಲಿನ ಇಂಗ್ಲಿಷು ಕೇಳಿಯೇ ಮೊದಲ ವಾರ ಬೆವರು ಬಂತು. ಎರಡನೆಯ ವಾರ ನಾನೊಂದು ತಪ್ಪು ಮಾಡಿದೆ. ವಿಷಯ ತಲೆಗೆ ಹತ್ತಿದ್ದು ಅದರಿಂದಲೇ.

ಪೈಪಿನ ಮೇಲೆ ಯಾವ ಯಾವ ಭಾರ ಒಟ್ಟೊಟ್ಟಿಗೆ ಬೀಳಬಹುದು ಎಂದು ಒಂದು ಪಟ್ಟಿ ಮಾಡುತ್ತಾರೆ. ಅದರ ಒಂದೊಂದು ಸಾಲೂ ಒಂದು ಲೋಡ್ ಕೇಸು. ನಮ್ಮದೊಂದು ಬಿಸಿನೀರಿನ ಲೈನು. ಮೊದಲ ಸಾಲು: ಪೈಪು ಮತ್ತು ನೀರಿನ ತೂಕ, ಒಳಗಿನ ಒತ್ತಡ. ಇವು ಸದಾ ಇರುವಂಥವು, ಮನೆ ಬಾಡಿಗೆಯ ಹಾಗೆ. ಎರಡನೆಯ ಸಾಲಿನಲ್ಲಿ ಇವುಗಳ ಜೊತೆಗೆ ಬಿಸಿ ಸೇರುತ್ತದೆ, ಅಂದರೆ ಪೈಪು ಕೆಲಸ ಮಾಡುತ್ತಿರುವ ಸ್ಥಿತಿ. ಎರಡರಿಂದ ಒಂದನ್ನು ಕಳೆದರೆ ಮೂರನೆಯದು: ಬರೀ ಹಿಗ್ಗುವಿಕೆಯ ಲೆಕ್ಕ. ಇಲ್ಲಿಯವರೆಗೆ ನಮ್ಮ ಅಕೌಂಟೆನ್ಸಿಗಿಂತ ಸುಲಭ.

ನಾಲ್ಕನೆಯ ಸಾಲಿನಲ್ಲಿ ತಲೆನೋವು ಶುರು. ಅದೇ ಡೈನಮಿಕ್ ಕೇಸು. ಹರಿಯುವ ನೀರನ್ನು ವಾಲ್ವು ಥಟ್ಟನೆ ತಡೆದರೆ ಒಳಗೆ ಒತ್ತಡದ ಅಲೆಯೊಂದು ಏಳುತ್ತದೆ. ಇದನ್ನು ಮಾಸ್ಕೋ ನಗರದ ನೀರಿನ ಪೈಪುಗಳ ಮೇಲೆ 1897-98ರಲ್ಲಿ ಪ್ರಯೋಗ ಮಾಡಿ ಲೆಕ್ಕಕ್ಕೆ ತಂದವರು ಜೂಕೋವ್ಸ್ಕಿ ಎಂಬ ರಷ್ಯನ್ ವಿಜ್ಞಾನಿ. ನೀರಿನ ಸಾಂದ್ರತೆ, ಅಲೆಯ ವೇಗ, ನೀರು ಹರಿಯುತ್ತಿದ್ದ ವೇಗ, ಮೂರನ್ನೂ ಗುಣಿಸಿದರೆ ಏರಿದ ಒತ್ತಡ ಸಿಕ್ಕಿತು. ಸೆಕೆಂಡಿಗೆ 2 ಮೀಟರ್ ಹರಿಯುವ ನೀರು, 1,200 ಮೀಟರ್ ಓಡುವ ಅಲೆ ಎಂದಿಟ್ಟುಕೊಳ್ಳಿ. ಒತ್ತಡ ಸುಮಾರು 24 ಬಾರ್ ಏರುತ್ತದೆ. 150 ಮಿಲಿಮೀಟರ್ ಒಳವ್ಯಾಸದ ಪೈಪಿನ ತಿರುವಿನ ಮೇಲೆ ಅದು ಸುಮಾರು 4.3 ಟನ್ ನೂಕು!

ಆದರೆ ಆ ನೂಕು ಇರುವುದು ಎಷ್ಟು ಹೊತ್ತು? ಮುಂದಿನ ತಿರುವು 12 ಮೀಟರ್ ದೂರದಲ್ಲಿದ್ದರೆ ಅಲೆ ಅಲ್ಲಿಗೆ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ತಲುಪುತ್ತದೆ. ಅಲ್ಲಿಯೂ ಅಷ್ಟೇ ಬಲ ಎದುರು ದಿಕ್ಕಿಗೆ ಬಿದ್ದು ಲೆಕ್ಕ ಸರಿದೂಗುತ್ತದೆ. ಹಾಗಾದರೆ ಕಣ್ಣು ಮಿಟುಕಿಸುವಷ್ಟೂ ಇಲ್ಲದ ಈ ಹೊಡೆತಕ್ಕೆ ಹೆದರಬೇಕೆ?

ಅದು ಪೈಪಿನ ಸ್ವಭಾವದ ಮೇಲೆ ಹೋಗುತ್ತದೆ. ತೊಟ್ಟಿಲಿಗೆ ತನ್ನದೇ ತೂಗಾಟದ ಗತಿ ಇರುವಂತೆ ಪ್ರತಿ ಪೈಪಿಗೂ ತನ್ನದೇ ಕಂಪನದ ಗತಿ ಇದೆ. ಸೆಕೆಂಡಿಗೆ 4 ಸಲ ತೂಗುವ ಸಡಿಲ ಪೈಪಾದರೆ ಅದು ಅಲುಗಾಡಲು ಮನಸ್ಸು ಮಾಡುವುದರೊಳಗೆ ಅಲೆ ದಾಟಿ ಹೋಗಿರುತ್ತದೆ. ಅದಕ್ಕೆ ತಾಗುವುದು ಬಲದ ಕಾಲು ಭಾಗ ಮಾತ್ರ. ಅದೇ ಪೈಪನ್ನು ಬಿಗಿಯಾಗಿ ಹಿಡಿದು, ಸೆಕೆಂಡಿಗೆ 50 ಸಲ ಕಂಪಿಸುವಂತೆ ಮಾಡಿದರೆ ಪೂರಾ ಎರಡು ಪಟ್ಟು, ಎಂಟೂವರೆ ಟನ್ನಿನ ಪೆಟ್ಟು. ಬಿಗಿ ಮಾಡಿದಷ್ಟೂ ಭದ್ರ ಎಂದು ನಂಬಿದ್ದ ನನಗೆ ಇದು ಆಶ್ಚರ್ಯವೇ. (ಹಾಗೆಂದು ಸಡಿಲ ಬಿಟ್ಟರೆ ಭೂಕಂಪದಲ್ಲಿ ಅದೇ ಪೈಪು ಓಲಾಡುತ್ತದೆ. ಭೂಕಂಪದ ಲೆಕ್ಕದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 33 ಕಂಪನಗಳವರೆಗೆ ನೋಡಿದರೆ ಸಾಕು, ನೀರಿನ ಹೊಡೆತಕ್ಕೆ ಅದು ಸಾಲದು. ಅಲ್ಲಿ ಬೇರೆ ಬೇರೆ ಕಂಪನಗಳ ಫಲವನ್ನು ನೇರ ಕೂಡಿಸುವುದಿಲ್ಲ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯುತ್ತಾರೆ. ಮೂರಕ್ಕೆ ನಾಲ್ಕು ಕೂಡಿದರೆ ಐದಾಗುವ ಖಾತೆಯನ್ನು ನಾನು ಕಂಡದ್ದು ಅದೇ ಮೊದಲು.)

ಇನ್ನೊಂದು ಸೂಕ್ಷ್ಮವಿದೆ. ಕಂಪನದ ಲೆಕ್ಕ ಮಾಡುವಾಗ ಕಂಪ್ಯೂಟರು ಪೈಪು ಯಾವ ಸಪೋರ್ಟಿನ ಮೇಲೆ ಕೂತಿದೆ, ಯಾವುದರಿಂದ ಎದ್ದಿದೆ ಎಂದು ನಡುವೆ ಯೋಚಿಸುವುದಿಲ್ಲ. ಮೊದಲೇ ಹೇಳಿಡಬೇಕು. ನಮ್ಮ ಲೈನಿನಲ್ಲಿ ನೆಟ್ಟಗೆ ನಿಂತ ಭಾಗವೊಂದು ಬಿಸಿಯಾಗಿ ಉದ್ದವಾದಾಗ ಪಕ್ಕದ ಪೈಪು ಸಪೋರ್ಟು ಬಿಟ್ಟು ಮೇಲೇಳುತ್ತಿತ್ತು. ತಣ್ಣಗಿನ ಸ್ಥಿತಿಯನ್ನು ಆರಿಸಿದ್ದರೆ ಇಲ್ಲದ ಸಪೋರ್ಟನ್ನು ಇದೆಯೆಂದೇ ನಂಬಿ ಕಂಪ್ಯೂಟರು ಚಂದದ ಉತ್ತರ ಕೊಡುತ್ತಿತ್ತು. ವಾಲ್ವು ಬಡಿಯುವುದು ಪೈಪು ಬಿಸಿಯಾಗಿರುವಾಗ, ಆದ್ದರಿಂದ ಬಿಸಿ ಸ್ಥಿತಿಯನ್ನೇ ಆರಿಸು ಎಂದರು ಮಾವ.

ಇನ್ನು ನನ್ನ ತಪ್ಪು. ಐದನೆಯ ಸಾಲು: ಒಂದು ಮತ್ತು ನಾಲ್ಕು ಸೇರಿಸಿದ್ದು. ಆರನೆಯದು: ಎರಡು ಮತ್ತು ನಾಲ್ಕು ಸೇರಿಸಿದ್ದು. ಎರಡೂ ಒಂದೇ ತರಹ ಕಂಡವು. ಟೈಪು ಮಾಡುವಾಗ 'ಪುನರುಕ್ತಿ' ಎಂದು ಆರನೆಯದನ್ನು ಕೈಬಿಟ್ಟೆ, ನೀಟಾಗಿ ಕಾಣಲಿ ಎಂದು. ಸಂಜೆ ಮಾವ ತಖ್ತೆ ನೋಡುತ್ತಾ ಒಂದು ಅಂಕಿಯ ಮೇಲೆ ಪೆನ್ಸಿಲ್ ಇಟ್ಟರು. "ಸ್ಟಾಪರ್ ಮೇಲೆ ಏಳು ನೂರು ಕಿಲೋವಾ? ಹೊಡೆತ ಎಲ್ಲಿ ಹೋಯ್ತು ಮಾರಾಯ?"

ಬೈಯಲಿಲ್ಲ. ಕೆಳಗೆ ಕರೆದುಕೊಂಡು ಹೋಗಿ ಕಟಿಂಗ್ ಚಹಾ ಕುಡಿಸಿ ಹೇಳಿದರು. ಐದನೆಯ ಸಾಲು ಪೈಪು ಹರಿಯುತ್ತದೋ ಇಲ್ಲವೋ ನೋಡುವುದಕ್ಕೆ. ಅಪರೂಪಕ್ಕೆ ಬರುವ ಹೊಡೆತವಾದ್ದರಿಂದ ಕಾರ್ಖಾನೆ ಪೈಪುಗಳ ಅಮೆರಿಕನ್ ನಿಯಮ, ಬಿ 31.3, ಅಲ್ಲಿ ಮಾಮೂಲಿ ಮಿತಿಯ 1.33 ಪಟ್ಟಿನವರೆಗೆ ಬಿಡುತ್ತದೆ. "ಆಸ್ಪತ್ರೆ ಖರ್ಚಿಗೆ ಸಾಲ ಮಾಡ್ಲಕ್ಕು, ಬಾಡಿಗೆಗೆ ಸಾಲ ಮಾಡೂಕಾಗ." ಆರನೆಯ ಸಾಲು ಪೈಪಿಗಾಗಿ ಅಲ್ಲ, ಪೈಪನ್ನು ಹಿಡಿದು ನಿಲ್ಲಿಸುವ ಕಬ್ಬಿಣಕ್ಕಾಗಿ. ಕಟ್ಟಡದವರು ಆ ಅಂಕಿ ನೋಡಿಯೇ ಬೆಸುಗೆ ಎಷ್ಟು ದಪ್ಪ, ಬೋಲ್ಟು ಎಷ್ಟು ಎಂದು ನಿರ್ಧರಿಸುತ್ತಾರೆ. ಹೊಡೆತ ಹಿಂದಕ್ಕೂ ಮುಂದಕ್ಕೂ ಬೀಳುವುದರಿಂದ ಕೂಡಿಯೂ ನೋಡಬೇಕು, ಕಳೆದೂ ನೋಡಬೇಕು.

ಚಹಾ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಅಪ್ಪಯ್ಯ ತಲೋಜದ ಕಡೆ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಬೆಳಿಗ್ಗೆ ಸ್ಟೀಮು ಬಿಡುವ ಮುಂಚೆ ಪೈಪಿನಲ್ಲಿ ನಿಂತ ನೀರನ್ನು ಹೊರಗೆ ಬಿಟ್ಟು, ವಾಲ್ವನ್ನು ಚೂರೇ ಚೂರು ತಿರುಗಿಸಿ ಕಾಯುತ್ತಾರೆ. ಒಂದು ದಿನ ಬೇರೊಬ್ಬರು ಅವಸರ ಮಾಡಿದರು. ಸ್ಟೀಮು ಆ ನೀರಿನ ಮುದ್ದೆಯನ್ನು ಹೊತ್ತುಕೊಂಡು ಹೋಗಿ ತಿರುವಿಗೆ ಗುದ್ದಿತು. ಪೈಪು ಒಡೆಯಲಿಲ್ಲ, ಸ್ಟಾಪರಿನ ಬೆಸುಗೆ ಕಿತ್ತಿತು. ಪೈಪು ಜಾರಿ ಕೆಳಗಿದ್ದ ಅಪ್ಪಯ್ಯನ ಜೊತೆಗಾರರ ಹೆಗಲು ಮುರಿಯಿತು. ನಾನು ಅಳಿಸಿದ್ದು ಅಂಥದೇ ಸಾಲು.

ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಏಳನೇ ಕ್ಲಾಸು ಓದಿದ ಅಪ್ಪಯ್ಯ ಮೊಸರನ್ನ ಕಲಸುತ್ತಾ ಒಂದೇ ಮಾತು ಕೇಳಿದರು. "ಆ ವಾಲ್ವು ಮುಚ್ಚೂಕೆ ಎಷ್ಟು ಹೊತ್ತು ತಕಂತ್?"

ಮಾರನೆಯ ದಿನ ಮಾವನಿಗೆ ಹೇಳಿದೆ. ಅವರು ನಕ್ಕು, "ಭಾವ ಸರಿಯಾದ್ದೇ ಕೇಳಿರ್" ಎಂದು ಕಾಗದ ಎಳೆದುಕೊಂಡರು. ಥಟ್ಟನೆ ಮುಚ್ಚಿದರೆ 4.3 ಟನ್. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಒಂದೇ ಸಮನೆ ಮುಚ್ಚಿದರೆ ಅಲೆಯ ಮುಖ 120 ಮೀಟರ್ ಉದ್ದಕ್ಕೆ ಚಾಚಿಕೊಳ್ಳುತ್ತದೆ. 12 ಮೀಟರ್ ಅಂತರದ ಎರಡು ತಿರುವುಗಳ ನಡುವಿನ ವ್ಯತ್ಯಾಸ ಹತ್ತನೆಯ ಒಂದಂಶ, 430 ಕಿಲೋ. ಹೊತ್ತು ತಿಳಿಯುವವರೆಗೆ ಅತಿ ಕೆಟ್ಟದ್ದನ್ನೇ ಹಿಡಿಯಬೇಕು ಎಂದು ಮಾವ ಎಂಟೂವರೆ ಟನ್ನನ್ನೇ ಇಟ್ಟಿದ್ದಾರೆ. ವಾಲ್ವು ಮಾಡುವ ಕಂಪನಿಗೆ ಪತ್ರ ಹೋಗಿದೆ, ನಾನೇ ಟೈಪು ಮಾಡಿದ್ದು. ಆರನೆಯ ಸಾಲು ಅದರ ಜಾಗಕ್ಕೆ ಬಂದಿದೆ. 'ಮುಚ್ಚುವ ಕಾಲ' ಎಂಬ ಕಾಲಂ ಮಾತ್ರ ಇದನ್ನು ಬರೆಯುವಾಗಲೂ ಖಾಲಿ.