ಪುಟ್ಟ ಕಾರಿನ ದೊಡ್ಡ ಗೆಲುವು

ಅಲ್ಲಾಳಸಂದ್ರದಿಂದ ಯಲಹಂಕದ ಕಡೆಗೆ ಸೈಕಲ್ ತುಳಿಯುವ ವಿದ್ಯಾರ್ಥಿಗೆ ಒಂದು ಅನುಭವ ಚೆನ್ನಾಗಿ ಗೊತ್ತಿರುತ್ತದೆ. ನಿಧಾನವಾಗಿ ಹೋಗುವಾಗ ಗಾಳಿಯ ಇರವೇ ತಿಳಿಯದು. ವೇಗ ಇಮ್ಮಡಿಯಾದೊಡನೆ ಅದೇ ಗಾಳಿ ಎದೆಗೆ ಕೈಯಿಟ್ಟು ತಡೆದಂತಾಗುತ್ತದೆ. ಬ್ರಿಟನ್ನಿನ ಪುಟ್ಟ ಕಾರೊಂದು ಸುಮಾರು ನೂರು ವರ್ಷಗಳ ಹಿಂದೆ ಪಂದ್ಯಗಳಲ್ಲಿ ಹೆಸರು ಗಳಿಸಿದುದರ ಗುಟ್ಟನ್ನು ಅರಿಯಲು ನಮಗೆ ಈ ಅನುಭವವೇ ದಾರಿದೀಪವಾಗುತ್ತದೆ.

ಆ ಕಾರಿನ ಹೆಸರು ಆಸ್ಟಿನ್ ಸೆವೆನ್. ದೊಡ್ಡ ಕಾರನ್ನು ಕೊಳ್ಳಲಾರದ ಕುಟುಂಬಗಳಿಗಾಗಿ ಹರ್ಬರ್ಟ್ ಆಸ್ಟಿನ್ ಅವರು ೧೯೨೨ರಲ್ಲಿ ಇದನ್ನು ಹೊರತಂದರು. ಅದರ ವಿನ್ಯಾಸದಲ್ಲಿ ಅವರಿಗೆ ನೆರವಾದವನು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹರೆಯದ ನಕ್ಷೆಗಾರ. ಎಂಜಿನ್ನಿನ ಗಾತ್ರ ಬೇಗನೆ ೭೪೭ ಘನ ಸೆಂಟಿಮೀಟರಿಗೆ ಏರಿತು. ಸಾಮಾನ್ಯ ಕಾರಿನ ಸಾಮರ್ಥ್ಯ ಮಾತ್ರ ಹತ್ತು ಅಶ್ವಶಕ್ತಿಯ ಆಸುಪಾಸಿನಲ್ಲಿತ್ತು.

೧೯೨೩ರಲ್ಲಿಯೇ ಆಸ್ಟಿನ್ನರ ಅಳಿಯ ಆರ್ಥರ್ ವೇಟ್ ಇಟಲಿಯ ಮೊಂಜಾದಲ್ಲಿ ತನ್ನ ವರ್ಗದ ಪಂದ್ಯವನ್ನು ಗೆದ್ದನು. ೧೯೨೮ರಲ್ಲಿ ಫಿಲಿಪ್ ದ್ವೀಪದಲ್ಲಿ ನಡೆದ, ಮೊದಲನೆಯ ಆಸ್ಟ್ರೇಲಿಯನ್ ಗ್ರ್ಯಾಂಡ್ ಪ್ರಿ ಎಂದು ಎಣಿಸಲಾಗುವ ಪಂದ್ಯದಲ್ಲಿಯೂ ಅವನದೇ ಜಯ. ಆದರೆ ಎಲ್ಲಕ್ಕಿಂತ ಸ್ವಾರಸ್ಯಕರವಾದುದು ೧೯೩೦ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನಡೆದ ೫೦೦ ಮೈಲಿಗಳ ಪಂದ್ಯ. ಎಸ್. ಸಿ. ಎಚ್. ಡೇವಿಸ್ ಮತ್ತು ಅರ್ಲ್ ಆಫ್ ಮಾರ್ಚ್ ನಡೆಸಿದ ಆಸ್ಟಿನ್ ಮೊದಲನೆಯದಾಯಿತು. ಅದರ ಆರರಷ್ಟು ದೊಡ್ಡ ಎಂಜಿನ್ನಿನ ಬೆಂಟ್ಲಿ ಎರಡನೆಯದಾಯಿತು.

ಹಾಗಾದರೆ ಆಸ್ಟಿನ್ ಬೆಂಟ್ಲಿಗಿಂತ ವೇಗವಾಗಿ ಓಡಿತೆ? ಇಲ್ಲ. ಆಸ್ಟಿನ್ನಿನ ಸರಾಸರಿ ವೇಗ ಗಂಟೆಗೆ ಸುಮಾರು ೧೩೪ ಕಿಲೋಮೀಟರು, ಬೆಂಟ್ಲಿಯದು ಸುಮಾರು ೧೮೦. ಅದು ಅಂತರ ಕೊಟ್ಟು ಓಡಿಸುವ ಪಂದ್ಯವಾಗಿತ್ತು. ಆಯಾ ವರ್ಗದ ಶಕ್ತಿಯನ್ನು ಅಂದಾಜು ಮಾಡಿ ಸಣ್ಣ ಕಾರುಗಳನ್ನು ಮೊದಲು ಹೊರಡಿಸುತ್ತಿದ್ದರು.

ಎಂಜಿನ್ ಆರರಷ್ಟಿದ್ದರೂ ವೇಗ ಒಂದೂಮೂರನೆಯ ಒಂದರಷ್ಟು ಮಾತ್ರ ಏಕೆ? ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯ ಎಂಟರಷ್ಟು. ಇದಲ್ಲದೆ ದೊಡ್ಡ ಕಾರು ಸೀಳಬೇಕಾದ ಗಾಳಿಯೂ ಹೆಚ್ಚು. ಆದುದರಿಂದ ಎಂಜಿನ್ ಬೆಳೆದಷ್ಟು ವೇಗ ಬೆಳೆಯುವುದಿಲ್ಲ.

ಇಷ್ಟರಿಂದ ಆ ಜಯ ಬಿಟ್ಟಿಯಾಗಿ ಬಂದುದೆಂದು ನಾವು ತಿಳಿಯಬಾರದು. ಅಂತರವು ಅವಕಾಶವನ್ನು ಸಮಗೊಳಿಸುತ್ತದೆ, ಗೆಲುವನ್ನು ಕೊಡುವುದಿಲ್ಲ. ಪಂದ್ಯದ ಆಸ್ಟಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇತ್ತು. ಒಳಹೋಗುವ ಆಮ್ಲಜನಕ ಹೆಚ್ಚಿದಷ್ಟೂ ಹೆಚ್ಚು ಇಂಧನ ಉರಿಯುತ್ತದೆ, ಸಾಮರ್ಥ್ಯ ಏರುತ್ತದೆ. ಜೊತೆಗೆ ಶಾಖವೂ ಒತ್ತಡವೂ ಏರುತ್ತವೆ. ಎಂಜಿನ್ನಿನ ಬಳುಕುವ ಕ್ರ್ಯಾಂಕ್ ದಂಡಕ್ಕೆ ಆಧಾರವಾಗಿದ್ದುದು ಎರಡೇ ಮುಖ್ಯ ಬೇರಿಂಗುಗಳು. ಅಂತಹ ಯಂತ್ರ ಸುಮಾರು ಆರು ಗಂಟೆಗಳ ಕಾಲ ಮುರಿಯದೆ ದುಡಿಯಿತು. ನಿಜವಾದ ಸಾಧನೆ ಇದೇ.

ವಿದ್ಯಾರ್ಥಿಗಳು ಮುಂದೊಮ್ಮೆ ಎದುರುಗಾಳಿಯಲ್ಲಿ ಸೈಕಲ್ ತುಳಿಯುವಾಗ ಈ ಲೆಕ್ಕವನ್ನು ನೆನೆಯಲಿ. ವೇಗಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಕಾಲುಗಳೇ ತಿಳಿಸುತ್ತವೆ.