ಹಳೇ ಗಿಟಾರ್ ಕೊಳ್ಳೋ ಮುಂಚೆ ನಾಲ್ಕು ಸ್ಕ್ರೂ ಬಿಚ್ಚಿಸಿ ನೋಡಿ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಅದೇ ಹೆಸರಿನ, ಅದೇ ಆಕಾರದ ಹೊಸ ಗಿಟಾರ್ ಅಂಗಡಿಯಲ್ಲಿ ಸಿಗ್ತಾ ಇರುವಾಗ, ಅರವತ್ತು ವರ್ಷದ ಹಳೇದಕ್ಕೆ ಜನ ಅದರ ಎಷ್ಟೋ ಪಟ್ಟು ದುಡ್ಡು ಯಾಕೆ ಕೊಡ್ತಾರೆ? ಕೊಟ್ಟ ದುಡ್ಡಿಗೆ ನಿಜವಾಗಿ ಅವರಿಗೆ ಸಿಗೋದೇನು?

ನಾನು ಹೇಳ್ತಾ ಇರೋದು ಫೆಂಡರ್ ಜಾಗ್ವಾರ್ ಬಗ್ಗೆ. 1962ರಲ್ಲಿ ಇದು ಬಂದಾಗ ಫೆಂಡರ್ ಕಂಪನಿಯ ಅತಿ ದುಬಾರಿ ಮಾಡೆಲ್. 24 ಇಂಚಿನ ಸ್ಕೇಲ್, 22 ಫ್ರೆಟ್, ಹೊಳೆಯೋ ಕ್ರೋಮ್ ತಗಡು, ಒಂದೇ ಗಿಟಾರಿನಲ್ಲಿ ಎರಡು ಬೇರೆ ಬೇರೆ ಸರ್ಕ್ಯೂಟ್. ಕ್ಯಾಲಿಫೋರ್ನಿಯಾದ ಸರ್ಫ್ ಸಂಗೀತದವರು ಇಷ್ಟಪಟ್ಟರು. ಆ ಅಲೆ ಇಳಿದ ಮೇಲೆ ಕೇಳೋರು ಕಮ್ಮಿಯಾದರು, 1975ರಲ್ಲಿ ತಯಾರಿಕೆಯೇ ನಿಂತಿತು.

ಕಥೆ ತಿರುಗಿದ್ದು ಆಮೇಲೆ. ಯಾರಿಗೂ ಬೇಡವಾದ ಈ ಗಿಟಾರ್ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗ್ತಿತ್ತು. ಕೈಯಲ್ಲಿ ಕಾಸಿಲ್ಲದ ಹುಡುಗರ ಬ್ಯಾಂಡ್‌ಗಳು ಅದನ್ನೇ ಎತ್ತಿಕೊಂಡವು. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ 1965ರ ಜಾಗ್ವಾರ್ ನುಡಿಸಿದ್ದನ್ನು ಜಗತ್ತೇ ನೋಡಿತು. ಬೇಡಿಕೆ ಹೆಚ್ಚಿತು. ಹೊಸ ಜಾಗ್ವಾರ್‌ಗಳು ಮತ್ತೆ ಬಂದವು, ಮೊದಲು ಜಪಾನಿನಲ್ಲಿ ಮಾಡಿದ್ದು, 1999ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಆದರೆ 1962ರಿಂದ 75ರವರೆಗಿನವು ಇನ್ನು ಹುಟ್ಟೋದಿಲ್ಲ. ಇರೋದು ಇಷ್ಟೇ. ಬೆಲೆ ಏರೋದು ಇದಕ್ಕೆ, ದನಿ ಹತ್ತುಪಟ್ಟು ಚೆನ್ನಾಗಿದೆ ಅಂತ ಅಲ್ಲ.

ಅಂದರೆ ನೀವು ದುಡ್ಡು ಕೊಡೋದು ‘ಅವತ್ತಿನದು, ಅವತ್ತು ಇದ್ದ ಹಾಗೇ ಇದೆ’ ಅನ್ನೋ ಮಾತಿಗೆ. ಆ ಮಾತು ನಿಜವಾ ಅಂತ ಪರೀಕ್ಷೆ ಮಾಡೋದೇ ಇಡೀ ವ್ಯವಹಾರ.

ನನ್ನದೇ ಉದಾಹರಣೆ ಹೇಳ್ತೀನಿ. ಮೂರು ವರ್ಷ ಕೂಡಿಟ್ಟ ದುಡ್ಡು ನನ್ನ ಹತ್ರ ಇತ್ತು. ಜಪಾನಿನ ಒಬ್ಬ ಮಾರಾಟಗಾರರು 1965ರ ಬಿಳಿ ಜಾಗ್ವಾರ್ ಇದೆ ಅಂದರು. ಮುಂದಿನಿಂದ ತೆಗೆದ ಫೋಟೋ ಬಲು ಚೆಂದ. ನಾನು ಒಳಗಿನ ಫೋಟೋ ಕೇಳಿದೆ.

ಮೊದಲನೇದು ನೆಕ್‌ನ ಬುಡ. ಫೆಂಡರ್ ನೆಕ್ ನಾಲ್ಕು ಸ್ಕ್ರೂಗಳ ಮೇಲೆ ನಿಂತಿರುತ್ತೆ. ಬಿಚ್ಚಿದರೆ ಬುಡದಲ್ಲಿ ತಿಂಗಳು, ವರ್ಷದ ಮೊಹರು ಕಾಣುತ್ತೆ. ಹಿಂದಿನ ಲೋಹದ ಪ್ಲೇಟಿನ ಸೀರಿಯಲ್ ನಂಬರ್ ಒಂದನ್ನೇ ನಂಬಬೇಡಿ, ಯಾಕಂದ್ರೆ ಪ್ಲೇಟನ್ನು ಯಾವಾಗ ಬೇಕಾದ್ರೂ ಬದಲಾಯಿಸಬಹುದು. ಇದರಲ್ಲಿ ಮೊಹರು ಸರಿಯಾಗೇ ಇತ್ತು, 1965.

ಎರಡನೇದು ಪಾಟ್‌ಗಳು, ಅಂದರೆ ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರೋ ಭಾಗ. ಅದರ ಮೇಲೆ 304-6540 ಥರದ ನಂಬರ್ ಇರುತ್ತೆ. 304 ಅಂದರೆ ಅದನ್ನು ಮಾಡಿದ ಕಂಪನಿ, 65 ವರ್ಷ, 40 ಆ ವರ್ಷದ ನಲವತ್ತನೇ ವಾರ. ನೆಕ್‌ಗೂ ಪಾಟ್‌ಗೂ ಕೆಲವು ತಿಂಗಳ ವ್ಯತ್ಯಾಸ ಇದ್ದರೆ ಸಹಜ. ಇಲ್ಲಿ ಒಂದು ಪಾಟ್ 1978ರದ್ದು. ಅಂದರೆ ಯಾರೋ ರಿಪೇರಿ ಮಾಡಿಸಿದ್ದಾರೆ.

ಮೂರನೇದು ಬಣ್ಣ. ಪಿಕಪ್ ತೆಗೆದ ಗುಂಡಿಯೊಳಗೆ ಬಿಳಿಯ ಕೆಳಗೆ ಹಳದಿ ಇಣುಕ್ತಾ ಇತ್ತು. ಕಾರ್ಖಾನೆಯಲ್ಲೇ ಕೆಲವು ಸಲ ಒಂದು ಬಣ್ಣದ ಮೇಲೆ ಇನ್ನೊಂದು ಹೊಡೆದದ್ದುಂಟು, ಹಾಗಾಗಿ ಅದಷ್ಟೇ ಸಾಲದು. ಆದರೆ ಸ್ಕ್ರೂ ತೂತುಗಳ ಒಳಗೂ ಬಿಳಿ ಬಣ್ಣ ಇಳಿದಿತ್ತು. ಗಿಟಾರ್ ಜೋಡಣೆಯಾಗಿ, ಮತ್ತೆ ಬಿಚ್ಚಿದ ಮೇಲೆ ಬಿದ್ದ ಬಣ್ಣ ಅದು. ಮೂಲ ಬಣ್ಣ ಹೋದರೆ ಬೆಲೆ ಹೆಚ್ಚುಕಮ್ಮಿ ಅರ್ಧ ಅನ್ನೋದು ಸಂಗ್ರಹ ಮಾಡೋರ ರೂಢಿ ಲೆಕ್ಕ.

ಫೋಟೋಗಳ ಮೇಲೆ ಗುರುತು ಹಾಕಿ ವಾಪಸ್ ಕಳಿಸಿದೆ. ಅವರು ಜಗಳ ಆಡಲಿಲ್ಲ, ಬೆಲೆ ಇಳಿಸಿದರು. ನನಗೆ ಅನುಕೂಲವೇ ಆಯ್ತು. ನಾನು ನುಡಿಸೋಕೆ ಕೊಳ್ಳೋನು. ನೆಕ್, ಪಿಕಪ್, ಬಾಡಿ ಅವತ್ತಿನದೇ ಇದ್ದರೆ ಬಣ್ಣ ಹೊಸದಾದರೂ ನನಗೆ ನಡೆಯುತ್ತೆ. ಮಾರೋಕೆ ಕೊಳ್ಳೋರು ಇಂಥದ್ದನ್ನು ಬಿಟ್ಟುಬಿಡೋದೇ ಲೇಸು.

ಆದರೂ ನಾನಿನ್ನೂ ದುಡ್ಡು ಕಳಿಸಿಲ್ಲ. ಕಾರಣ ಬೆರಳಿಡೋ ಪಟ್ಟಿಯ ಮರ. 1960ರ ದಶಕದ ಮೊದಲರ್ಧದ ಫೆಂಡರ್‌ಗಳ ಫ್ರೆಟ್‌ಬೋರ್ಡ್ ಬ್ರೆಜಿಲ್ ದೇಶದ ರೋಸ್‌ವುಡ್ ಆಗಿರಬಹುದು. ಮಿತಿಮೀರಿ ಕಡಿದು ಆ ಮರ ಅಳಿವಿನಂಚಿಗೆ ಬಂತು. ವನ್ಯಜೀವಿ, ಸಸ್ಯಗಳ ವ್ಯಾಪಾರಕ್ಕೆ ಸೈಟಿಸ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. 1992ರಿಂದ ಬ್ರೆಜಿಲ್ ರೋಸ್‌ವುಡ್ ಅದರ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಗಿಟಾರ್ ಎಷ್ಟೇ ಹಳೇದಾಗಲಿ, ಆ ಮರದ ತುಂಡು ಇದ್ದು, ಸರಿಯಾದ ಸೈಟಿಸ್ ಕಾಗದ ಇಲ್ಲದೆ ಗಡಿ ದಾಟಿದರೆ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು. ಆಗ ದುಡ್ಡೂ ಹೋಯ್ತು, ಗಿಟಾರೂ ಹೋಯ್ತು. ಅದಕ್ಕೇ ನನ್ನ ಮಾತು ಒಂದೇ: ಮೊದಲು ಕಾಗದ, ಆಮೇಲೆ ದುಡ್ಡು. ಕಾಗದ ಬರದಿದ್ದರೆ ಈ ಜಾಗ್ವಾರ್ ನನಗಲ್ಲ.

ಇದರಲ್ಲಿ ನಮ್ಮ ಊರಿನ ಎಳೆಯೂ ಒಂದಿದೆ. ಬ್ರೆಜಿಲ್ ಮರ ಸಿಗೋದು ಕಷ್ಟವಾದಾಗ ಅಮೆರಿಕದ ಗಿಟಾರ್ ಕಂಪನಿಗಳು ತಿರುಗಿದ್ದು ಭಾರತದ ರೋಸ್‌ವುಡ್ ಕಡೆಗೆ. ಅಂದರೆ ನಮ್ಮ ಬೀಟೆ. ಪಶ್ಚಿಮ ಘಟ್ಟದ ಕಾಡಲ್ಲಿ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನಿಂತಿರುತ್ತಲ್ಲ, ಅದೇ ಜಾತಿ. ಅಜ್ಜಿ ಮನೆಯ ಬೀಟೆ ಮಂಚಕ್ಕೂ ಎಷ್ಟೋ ರಾಕ್ ಗಿಟಾರ್‌ಗಳಿಗೂ ಮರ ಒಂದೇ. 2017ರಲ್ಲಿ ಬೀಟೆಗೂ ಸೈಟಿಸ್ ನಿಯಮ ಬಂತು. ಸಂಗೀತಗಾರರಿಗೆ, ವಾದ್ಯ ತಯಾರಿಸೋರಿಗೆ ತೊಂದರೆಯಾಗಿ, 2019ರಲ್ಲಿ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಬ್ರೆಜಿಲ್ ಮರಕ್ಕೆ ಮಾತ್ರ ಆ ವಿನಾಯಿತಿ ಇಲ್ಲ.

ಹಾಗಾಗಿ ಗಿಟಾರ್ ಇರಲಿ, ಹಳೇ ಕ್ಯಾಮೆರಾ ಇರಲಿ, ವಾಚ್ ಇರಲಿ, ತಯಾರಿಕೆ ನಿಂತ ವಸ್ತುವಿಗೆ ದುಡ್ಡು ಹಾಕೋ ಮುಂಚೆ ಮೂರು ಪ್ರಶ್ನೆ ಕೇಳಿ. ಒಳಗಿನ ತಾರೀಖುಗಳು ಒಂದಕ್ಕೊಂದು ಹೊಂದುತ್ತವಾ? ಯಾವ ಭಾಗ ಬದಲಾಗಿದೆ? ಗಡಿ ದಾಟೋಕೆ ಯಾವ ಕಾಗದ ಬೇಕು? ಮಾರೋರು ಪ್ರಾಮಾಣಿಕರಾಗಿದ್ದರೆ ಸ್ಕ್ರೂ ಬಿಚ್ಚೋಕೆ ಬೇಜಾರು ಮಾಡ್ಕೊಳ್ಳಲ್ಲ. ‘ಬೇಗ ಹೇಳಿ, ಇನ್ನೊಬ್ಬರು ಕಾಯ್ತಿದ್ದಾರೆ’ ಅಂದರೆ, ಆ ಇನ್ನೊಬ್ಬರಿಗೇ ಕೊಟ್ಟುಬಿಡಲಿ.