ಸಕ್ಕರೆ ಹಾಕಿದ ಟವೆಲ್: ಜೀವಕೋಶದ ಒಳಗಿನ ಸೀಟು ಜಗಳ

ಇವತ್ತು ಮೊದಲು ಒಂದು ತಿದ್ದುಪಡಿ. ಹೋದ ಎಪಿಸೋಡ್‌ನಲ್ಲಿ ಶುಗರ್ ಟೆಸ್ಟ್ ಬಗ್ಗೆ ಮಾತಾಡ್ತಾ, ಎಚ್‌ಬಿಎ1ಸಿ ಅಂದ್ರೆ ದೇಹವೇ ಬೇಕು ಅಂತ ಪ್ರೋಟೀನ್‌ಗೆ ಸಕ್ಕರೆ ಅಂಟಿಸೋದು ಅಂದುಬಿಟ್ಟಿದ್ದೆ. ತಪ್ಪು. ಬಯೋಕೆಮಿಸ್ಟ್ರಿ ಓದ್ತಿರೋ ಕೇಳುಗರೊಬ್ಬರು ಮೆಸೇಜ್ ಮಾಡಿ ಹೇಳಿದ್ರು. ನಾನು ಬಿ.ಕಾಂ. ಓದಿದವಳು. ಲೆಡ್ಜರ್‌ನಲ್ಲಿ ತಪ್ಪು ಬಿದ್ರೆ ಉಜ್ಜಿ ಅಳಿಸಬಾರದು, ಸರಿಪಡಿಸೋ ಎಂಟ್ರಿ ಬರೀಬೇಕು. ಇದು ಆ ಎಂಟ್ರಿ.

ನಮ್ಮಪ್ಪನ ರಿಪೋರ್ಟ್‌ನಲ್ಲಿ ಬರೋ ಎಚ್‌ಬಿಎ1ಸಿ ಯಾರೂ ಬೇಕು ಅಂತ ಮಾಡಿದ್ದಲ್ಲ. ರಕ್ತದಲ್ಲಿರೋ ಗ್ಲೂಕೋಸ್ ಹಿಮೋಗ್ಲೋಬಿನ್‌ಗೆ ತಾನಾಗೇ ಅಂಟಿಕೊಳ್ಳುತ್ತೆ. ಗ್ಲೂಕೋಸ್ ಹೆಚ್ಚಾದಷ್ಟೂ ಅಂಟೋದು ಹೆಚ್ಚು. ಕೆಂಪು ರಕ್ತಕಣ ಸುಮಾರು 120 ದಿನ ಬದುಕೋದ್ರಿಂದ ಎರಡು ಮೂರು ತಿಂಗಳ ಲೆಕ್ಕ ಅದರಲ್ಲಿ ಉಳಿದಿರುತ್ತೆ. ಟೆಸ್ಟ್‌ಗೆ ಮೂರು ದಿನ ಮುಂಚೆ ಅಪ್ಪ ಮೈಸೂರ್ ಪಾಕ್ ಬಿಟ್ಟು ಸಾಧು ಆದ್ರೂ ನಂಬರ್ ಅಲ್ಲಾಡದೆ ಇರೋದು ಇದಕ್ಕೇ.

ಬೇಕು ಅಂತಲೇ ಅಂಟಿಸೋ ಕೆಲಸ ಬೇರೆ. ಅದನ್ನ ಮಾಡೋದು ಎನ್ಜೈಮ್‌ಗಳು, ಅಂದ್ರೆ ಸ್ಕೂಲಲ್ಲಿ ಓದಿದ ಕಿಣ್ವಗಳು. ಹಾಗೆ ಸಕ್ಕರೆ ಸೇರಿದ ಪ್ರೋಟೀನ್‌ಗೆ ಗ್ಲೈಕೋಪ್ರೋಟೀನ್ ಅಂತ ಹೆಸರು. 1980ರ ದಶಕದ ಆರಂಭದಲ್ಲೂ ಪಠ್ಯಪುಸ್ತಕಗಳು ಹೇಳ್ತಿದ್ದದ್ದು, ಇವು ಜೀವಕೋಶದ ಹೊರಮೈಯಲ್ಲಿ ಇರ್ತವೆ, ಇಲ್ಲಾ ಕೋಶ ಹೊರಗೆ ಕಳಿಸೋ ಸರಕಿನಲ್ಲಿ ಇರ್ತವೆ ಅಂತ. ನ್ಯೂಕ್ಲಿಯಸ್ ಒಳಗೆ ಇದಕ್ಕೇನು ಕೆಲಸ?

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಹಾರ್ಟ್ ಮತ್ತು ಕಾರ್ಮೆನ್-ರೋಸಾ ಟಾರೆಸ್ ಕೂಡ ಹುಡುಕೋಕೆ ಹೊರಟಿದ್ದು ಹೊರಮೈಯಲ್ಲೇ. ಇಲಿಯ ರೋಗನಿರೋಧಕ ಕಣಗಳ ಮೇಲೆ ಎನ್-ಅಸಿಟೈಲ್ ಗ್ಲೂಕೋಸಮೈನ್ ಅನ್ನೋ ಸಕ್ಕರೆ ಎಲ್ಲೆಲ್ಲಿದೆ ಅಂತ ನೋಡ್ತಿದ್ರು. ಇಷ್ಟುದ್ದದ ಹೆಸರು ಇನ್ನೊಂದ್ಸಲ ಹೇಳಲ್ಲ, ವಿಜ್ಞಾನಿಗಳೇ ಅದನ್ನ ‘ಗ್ಲಿಕ್‌ನ್ಯಾಕ್’ ಅಂತಾರೆ. ಹುಡುಕೋಕೆ ಬಳಸಿದ್ದು ಹಸುವಿನ ಹಾಲಿನಿಂದ ತೆಗೆದ ಒಂದು ಕಿಣ್ವ. ಅದು ಗ್ಲಿಕ್‌ನ್ಯಾಕ್ ಕಂಡ ಕಡೆ ಇನ್ನೊಂದು ಸಕ್ಕರೆ ಜೋಡಿಸುತ್ತೆ. ಆ ಇನ್ನೊಂದು ಸಕ್ಕರೆ ವಿಕಿರಣಶೀಲ ಆಗಿದ್ರೆ ಎಲ್ಲಿ ಕೂತಿದೆ ಅಂತ ಪತ್ತೆ ಹಚ್ಚಬಹುದು. 1984ರಲ್ಲಿ ಅವರ ಪ್ರಬಂಧ ಬಂತು: ಉದ್ದನೆಯ ಸರಪಳಿ ಅಲ್ಲ, ಒಂಟಿ ಒಂಟಿ ಗ್ಲಿಕ್‌ನ್ಯಾಕ್, ಹೆಚ್ಚಿನದು ಕೋಶದ ಒಳಗೇ! 1986ರಲ್ಲಿ ಹಾರ್ಟ್ ತಂಡದ ಇನ್ನೊಂದು ಪ್ರಬಂಧ ನ್ಯೂಕ್ಲಿಯಸ್ ಮತ್ತು ಸೈಟೋಪ್ಲಾಸಂ ಎರಡರಲ್ಲೂ ಅದನ್ನ ತೋರಿಸ್ತು.

ಅಷ್ಟು ದಿನ ಯಾಕೆ ಕಣ್ಣಿಗೆ ಬೀಳಲಿಲ್ಲ? ಈ ಸಕ್ಕರೆ ತುಂಬ ಚಿಕ್ಕದು, ವಿದ್ಯುದಾವೇಶವೂ ಇಲ್ಲ. ಲ್ಯಾಬ್‌ನ ಜೆಲ್‌ನಲ್ಲಿ ಓಡಿಸಿದ್ರೆ ಸಕ್ಕರೆ ಇರೋ ಪ್ರೋಟೀನು, ಇಲ್ಲದ ಪ್ರೋಟೀನು ಹೆಚ್ಚುಕಮ್ಮಿ ಒಂದೇ ಕಡೆ ನಿಲ್ತವೆ. ಜೊತೆಗೆ ಕೋಶ ಒಡೆದ ತಕ್ಷಣ ಅಲ್ಲಿನ ಕಿಣ್ವಗಳೇ ಸಕ್ಕರೆಯನ್ನ ಕಿತ್ತುಹಾಕಿಬಿಡ್ತವೆ. ಸಾಕ್ಷಿ ನಾಶ.

ಈಗ ಸಿಗ್ನಲ್ ವಿಷಯಕ್ಕೆ ಬರೋಣ. ಇನ್ಸುಲಿನ್ ಬಂದು ಕೋಶದ ಬಾಗಿಲು ತಟ್ಟಿದಾಗ, ಒಳಗಿನ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟ್ತಾ ಅಂಟ್ತಾ ಸುದ್ದಿ ಮುಂದೆ ಹೋಗುತ್ತೆ. ಫಾಸ್ಫೇಟ್ ಅಂಟಿಸೋ ಕಿಣ್ವಗಳು ನಮ್ಮಲ್ಲಿ 500ಕ್ಕೂ ಹೆಚ್ಚು. ಗ್ಲಿಕ್‌ನ್ಯಾಕ್ ಎಷ್ಟೋ ಸಲ ಅದೇ ಸೀಟಿಗೆ, ಇಲ್ಲಾ ಪಕ್ಕದ ಸೀಟಿಗೆ ಬರುತ್ತೆ. ರಶ್ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡೀತಾರಲ್ಲ, ಹಾಗೆ. ಟವೆಲ್ ಇರೋವರೆಗೂ ಫಾಸ್ಫೇಟ್ ಅಲ್ಲಿ ಕೂರೋ ಹಾಗಿಲ್ಲ. ಮಜಾ ಏನಂದ್ರೆ, ಕೋಶದೊಳಗೆ ಈ ಟವೆಲ್ ಹಾಕೋಕೆ ಇರೋದು ಒಂದೇ ಕಿಣ್ವ, ಒಜಿಟಿ. ತೆಗೆಯೋಕೆ ಒಂದು, ಒಜಿಎ.

ಟವೆಲ್ ನೇಯೋಕೆ ಕಚ್ಚಾಮಾಲು ಬೇಕಲ್ಲ? ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬಿನಿಂದಲೂ ಬರೋ ಅಸಿಟೈಲ್, ಎಲ್ಲಾ ಸೇರಬೇಕು. ಅಂದ್ರೆ ನಾವು ಏನು, ಎಷ್ಟು ತಿಂದಿದ್ದೀವಿ ಅನ್ನೋ ಲೆಕ್ಕ ನೇರ ಸಿಗ್ನಲ್‌ಗೆ ತಲುಪುತ್ತೆ. ಹಾರ್ಟ್ ದಶಕಗಟ್ಟಲೆ ಬೆನ್ನು ಹತ್ತಿದ್ದು ಇದನ್ನೇ. ಇಲಿಯ ಸ್ನಾಯು ಮತ್ತು ಕೊಬ್ಬಿನಲ್ಲಿ ಒಜಿಟಿ ಹೆಚ್ಚಿಸಿದಾಗ ಇನ್ಸುಲಿನ್ ಮಾತು ಸರಿಯಾಗಿ ನಾಟಲಿಲ್ಲ ಅಂತ 2002ರಲ್ಲಿ ವರದಿಯಾಯ್ತು. ಟೈಪ್ 2 ಡಯಾಬಿಟಿಸ್‌ಗೆ ಇದೊಂದೇ ಕಾರಣ ಅಂತ ಇದರಿಂದ ಹೇಳೋಕಾಗಲ್ಲ, ಮನುಷ್ಯ ದೊಡ್ಡ ಇಲಿ ಅಲ್ಲ.

ಹಾಗಿದ್ರೆ ಟವೆಲ್ ಎಲ್ಲಾ ಕಿತ್ತು ಬಿಸಾಡೋಣ್ವಾ? ಆಗಲ್ಲ. ಒಜಿಟಿ ಇಲ್ಲದ ಇಲಿ ಭ್ರೂಣ ಹುಟ್ಟೋ ಮೊದಲೇ ಸಾಯುತ್ತೆ. ಅಲ್‌ಝೈಮರ್‌ನಲ್ಲಂತೂ ಕಥೆ ಉಲ್ಟಾ: ಅಲ್ಲಿ ಟಾವ್ ಅನ್ನೋ ಪ್ರೋಟೀನ್ ಮೇಲೆ ಫಾಸ್ಫೇಟ್ ಅತಿಯಾಗುತ್ತೆ, ಹಾಗಾಗಿ ಟವೆಲ್ ತೆಗೆಯೋ ಒಜಿಎಯನ್ನೇ ತಡೆಯೋ ಔಷಧಿಗಳನ್ನ ಪರೀಕ್ಷಿಸಿದ್ದಾರೆ.

ಅಪ್ಪನ ವಾಟ್ಸಾಪ್ ಗ್ರೂಪಿಗೆ ಹೋದ ವಾರ ‘ಕೋಶಗಳ ಸಿಗ್ನಲ್ ಸರಿಮಾಡೋ’ ಪುಡಿಯ ಜಾಹೀರಾತು ಬಂದಿತ್ತು. ಮಾತ್ರೆ ಬಿಟ್ಟು ಅದನ್ನ ತಗೊಳ್ಳಲಾ ಅಂತ ಕೇಳಿದ್ರು. ಬೇಡ ಅಪ್ಪ, ಡಾಕ್ಟರನ್ನ ಕೇಳದೆ ಒಂದು ಮಾತ್ರೇನೂ ಬಿಡಬೇಡಿ ಅಂದೆ. ಮುಂದಿನ ಟೆಸ್ಟ್ ಇನ್ನೆರಡು ತಿಂಗಳಿಗಿದೆ. ಇದರಲ್ಲೂ ತಪ್ಪು ಕಂಡ್ರೆ ವಾಯ್ಸ್ ನೋಟ್ ಕಳಿಸಿ, ಇನ್ನೊಂದು ಎಂಟ್ರಿ ಬರೀತೀನಿ.